ವೇದಾವತಿಯ ನೀರೂ ಹಗರಿಯ ಮರಳೂ

ಬಾಬಾಬುಡನ್ ಗಿರಿಶ್ರೇಣಿಯ ಮೂಡಣ ತಪ್ಪಲಿನಲ್ಲಿ ವೇದಾ, ಅವತಿ ಎಂಬ ಎರಡು ಹೊಳೆಗಳು ಹುಟ್ಟುತ್ತವೆ. ಕಡೂರಿನ ಬಳಿಯಲ್ಲಿ ಇವೆರಡೂ ಕೂಡಿ ವೇದಾವತಿ ಎಂಬ ಹೆಸರನ್ನು ತಾಳುತ್ತವೆ. ಅಲ್ಲಿಂದ ಮುಂದೆ ನದಿಯು ಹೊಸದುರ್ಗ, ಹಿರಿಯೂರು, ಚಳ್ಳಕೆರೆಗಳ ಸೀಮೆಯನ್ನು ಹಾದು, ರಾಯದುರ್ಗದ ನೆಲವನ್ನು ಹೊಕ್ಕು, ಬಳ್ಳಾರಿಯ ಕರಿಯ ಬಯಲಿಗೆ ಬಂದು, ಕಡೆಗೆ ತುಂಗಭದ್ರೆಯಲ್ಲಿ ಲೀನವಾಗುತ್ತದೆ. ಕೆಳಗಿನ ಸೀಮೆಯ ಜನರು ಇದನ್ನು ಹಗರಿ ಎಂದು ಕರೆಯುವರು. ಹೆಸರು ಬದಲಾಗುವಂತೆಯೇ ನದಿಯ ಸ್ವರೂಪವೂ ಬದಲಾಗುತ್ತದೆ. ಮಲೆಯ ಮಗ್ಗುಲಿನಲ್ಲಿ ನೀರಾಗಿ ಹುಟ್ಟಿದ ಹೊಳೆಯು ಬಯಲಿಗಿಳಿಯುತ್ತ ಬರಬರುತ್ತ ಮರಳಿನ ಹಾಸಾಗುವುದು. ವರ್ಷದ ಬಹುಭಾಗದಲ್ಲಿ ಎತ್ತಿನ ಗಾಡಿಗಳು ಅದರ ಪಾತ್ರವನ್ನು ಒಣಗಾಲಿಯಲ್ಲಿಯೇ ದಾಟುವುದುಂಟು. ಈ ಒಂದು ನದಿಯ ದಂಡೆಗಳನ್ನು ಹಿಡಿದು ನಡೆದರೆ, ಒಣಸೀಮೆಯಲ್ಲಿ ಮನುಷ್ಯನಿಗೂ ಬರಕ್ಕೂ ಶತಮಾನಗಳಿಂದ ನಡೆದುಬಂದಿರುವ ಹೋರಾಟದ ಚರಿತ್ರೆಯೆಲ್ಲವೂ ಕಣ್ಣಿಗೆ ಬೀಳುತ್ತದೆ.

ಬಯಲುಸೀಮೆಗೆ ಬರವೆಂಬುದು ಆಕಸ್ಮಿಕವಾದ ಅತಿಥಿಯಲ್ಲ. ನೈಋತ್ಯದ ಮಳೆಗಾಳಿಯು ಪಡುವಣ ಘಟ್ಟಗಳಿಗೆ ಬಡಿದು, ತಾನು ಹೊತ್ತು ತಂದ ನೀರಿನ ಬಹುಪಾಲನ್ನು ಅಲ್ಲಿಯೇ ಸುರಿಸಿಬಿಟ್ಟು, ಬರಿಗೈಯಿಂದ ಮೂಡಲಿಗೆ ಬೀಸುತ್ತದೆ. ಹಿಂಗಾರಿನ ಮೋಡಗಳು ಮೂಡಣ ಕಡಲಿನಿಂದ ಬರುವಷ್ಟರಲ್ಲಿ ಅವುಗಳ ಶಕ್ತಿಯೂ ಕುಂದಿರುತ್ತದೆ. ಹೀಗಾಗಿ ಹಿರಿಯೂರು, ಚಳ್ಳಕೆರೆಗಳಿಗೆ ವರ್ಷವೊಂದಕ್ಕೆ ಇಪ್ಪತ್ತು ಅಂಗುಲದ ಆಸುಪಾಸಿನಲ್ಲಿ ಮಾತ್ರವೇ ಮಳೆ ಬೀಳುವುದು. ಅದೂ ಸಮನಾಗಿ ಹಂಚಿ ಬೀಳುವುದಿಲ್ಲ. ವರ್ಷದ ಪಾಲಿನಲ್ಲಿ ದೊಡ್ಡ ಭಾಗವು ಕೆಲವೇ ದಿನಗಳ ಬಿರುಮಳೆಯಾಗಿ ಸುರಿದು, ಹರಿದು, ಹೋಗಿಬಿಡುತ್ತದೆ. ಆದುದರಿಂದ ಈ ಸೀಮೆಯ ಒಕ್ಕಲಿಗನ ಮುಂದಿದ್ದ ಪ್ರಶ್ನೆಯು ನೀರನ್ನು ಎಲ್ಲಿಂದ ತರುವುದೆಂಬುದಲ್ಲ. ಬಂದ ನೀರನ್ನು ಹೇಗೆ ನಿಲ್ಲಿಸಿಕೊಳ್ಳುವುದು, ನಿಲ್ಲಿಸಿದುದನ್ನು ಹೇಗೆ ಕಾಯುವುದು ಎಂಬುದು. ಈ ಪ್ರಶ್ನೆಗೆ ಪೂರ್ವಿಕರು ಕೊಟ್ಟ ಉತ್ತರವೇ ಕೆರೆ.

ವೇದಾ ಹೊಳೆಯ ಮೇಲ್ಭಾಗದಲ್ಲಿ, ಸಖರಾಯಪಟ್ಟಣದ ಬಳಿ, ಗುಡ್ಡಗಳ ಮಡಿಲಿನಲ್ಲಿ ಅಯ್ಯನಕೆರೆಯಿದೆ. ಇದರ ವಿಷಯವಾಗಿ ಸ್ಥಳದವರು ಹೇಳುವ ಕಥೆಯೊಂದುಂಟು. ಒಂದು ಮಳೆಗಾಲದ ಇರುಳು ಕೆರೆಯ ಅಧಿದೇವತೆಯು ನೀರುಗಂಟಿಯ ಮುಂದೆ ಕಾಣಿಸಿಕೊಂಡು, ಏರಿಯನ್ನು ಒಡೆದು ಹೊರಟುಹೋಗುವೆನೆಂದು ಎಚ್ಚರಿಸಿದಳಂತೆ. ನೀರುಗಂಟಿಯು ಕೈಮುಗಿದು, ‘ತಾಯಿ, ಅರಸನಿಗೆ ಈ ಸುದ್ದಿಯನ್ನು ಮುಟ್ಟಿಸಿ ನಾನು ಹಿಂದಿರುಗುವವರೆಗೆ ನಿಲ್ಲು’ ಎಂದು ಬೇಡಿ ಭಾಷೆಯನ್ನು ಪಡೆದನು. ಅವನು ಓಡಿಹೋಗಿ ರುಕ್ಮಾಂಗದರಾಯನಿಗೆ ಅರುಹಲು, ಅರಸನು ಕ್ಷಣಕಾಲ ಯೋಚಿಸಿ, ಇವನು ಮರಳಿ ಹೋದರಲ್ಲವೆ ಕೆರೆ ಒಡೆಯುವುದು ಎಂದು ಬಗೆದು, ಅವನ ತಲೆಯನ್ನು ಹೊಡೆಯಿಸಿದನಂತೆ. ನೀರುಗಂಟಿ ಹಿಂದಿರುಗಲಿಲ್ಲ, ದೇವತೆ ಕೊಟ್ಟ ಮಾತಿಗೆ ತಪ್ಪಲಿಲ್ಲ, ಏರಿ ಇಂದಿಗೂ ನಿಂತಿದೆ.

ಕಥೆಯನ್ನು ಚರಿತ್ರೆಯೆಂದು ಯಾರೂ ತೆಗೆದುಕೊಳ್ಳಬೇಕಾದುದಿಲ್ಲ. ಆದರೆ ಅದರೊಳಗಿನ ಅರಿವು ನಿಜವಾದುದು. ಅರಸನಿಗೆ ಕೀರ್ತಿಯನ್ನು ತಂದುದು ಕೆರೆಯನ್ನು ಕಟ್ಟಿಸಿದುದು. ಕೆರೆಯನ್ನು ಉಳಿಸಿದುದು ರಾತ್ರಿಯ ಮಳೆಯಲ್ಲಿ ಏರಿಯ ಮೇಲೆ ಎಚ್ಚರವಾಗಿದ್ದ ಒಬ್ಬ ಬಡವನ ಕಾವಲು. ನೀರುಗಂಟಿಯು ಬಹುಮಟ್ಟಿಗೆ ಊರಿನ ಕಡೆಯ ಕೇರಿಯವನು. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕೆಂಬುದನ್ನು ತೀರ್ಮಾನಿಸುವವನೂ ಅವನೇ, ತೂಬಿನ ಗೂಟವನ್ನು ಎತ್ತಿ ಇಳಿಸುವವನೂ ಅವನೇ. ಆದರೂ ತನ್ನದೆಂದು ಹೇಳಿಕೊಳ್ಳಲು ಅಚ್ಚುಕಟ್ಟಿನಲ್ಲಿ ಅವನಿಗೆ ಅಂಗೈಯಗಲದ ನೆಲವಷ್ಟೇ ಇರುತ್ತಿದ್ದಿತು. ಹಳೆಯ ವ್ಯವಸ್ಥೆಯ ಹಿರಿಮೆಯನ್ನು ಹೊಗಳುವಾಗ ಅದರ ಈ ಭಾರವನ್ನು ಯಾರ ತಲೆಯ ಮೇಲೆ ಹೊರಿಸಲಾಗಿದ್ದಿತೆಂಬುದನ್ನು ಮರೆಯುವುದು ನ್ಯಾಯವಲ್ಲ.

ಈ ಸೀಮೆಯಲ್ಲಿ ಕೆರೆಗಳ ಪ್ರಾಚೀನತೆಗೆ ಶಾಸನಗಳೇ ಸಾಕ್ಷಿ. ಚಿತ್ರದುರ್ಗದ ಮಗ್ಗುಲಿನ ಚಂದ್ರವಳ್ಳಿಯಲ್ಲಿ, ಕದಂಬವಂಶದ ಮೂಲಪುರುಷನಾದ ಮಯೂರಶರ್ಮನ ಹೆಸರಿನ ಪ್ರಾಕೃತ ಶಾಸನವು ಬಂಡೆಯ ಮೇಲಿದೆ. ಅದು ಹೇಳುವುದು ಒಂದು ತಟಾಕದ ವಿಷಯವನ್ನು. ನಾಲ್ಕನೆಯ ಶತಮಾನದಿಂದ ಮೊದಲ್ಗೊಂಡು ಕನ್ನಡನಾಡಿನ ಅರಸರು, ದಂಡನಾಯಕರು, ಗಾವುಂಡರು, ಸೆಟ್ಟಿಗಳು, ಹೆಣ್ಣುಮಕ್ಕಳು ಕೆರೆ ಕಟ್ಟಿಸಿದ ಸಂಗತಿಗಳು ಸಾಲುಸಾಲಾಗಿ ಬರುತ್ತವೆ. ಕೆರೆಯನ್ನು ಸಪ್ತಸಂತಾನಗಳಲ್ಲಿ ಒಂದೆಂದು ಎಣಿಸುತ್ತಿದ್ದರು. ಎಂದರೆ ಮಗನಂತೆ ಅದೂ ಮನೆತನದ ಹೆಸರನ್ನು ಮುಂದಕ್ಕೆ ಸಾಗಿಸುವುದೆಂದು ನಂಬಿಕೆ. ಆದರೆ ಶಾಸನಗಳಲ್ಲಿ ಹೆಚ್ಚು ಗಮನಾರ್ಹವಾದುದು ಕಟ್ಟಿಸಿದ ಮಾತಲ್ಲ, ಕಟ್ಟಿದ ಮೇಲಿನ ಏರ್ಪಾಟು. ಕೆರೆಯನ್ನು ಕಟ್ಟಿದವನಿಗೂ ಜೀರ್ಣವಾದುದನ್ನು ತಿದ್ದಿದವನಿಗೂ ಕೊಡುತ್ತಿದ್ದ ತೆರಿಗೆಯಿಲ್ಲದ ಭೂಮಿಗೆ ಕಟ್ಟುಕೊಡಗೆ ಎಂದು ಹೆಸರು. ಕೆರೆಯ ಕೆಳಗಿನ ಗದ್ದೆಯಲ್ಲಿ ಅದರ ರಕ್ಷಣೆಗಾಗಿಯೇ ಬಿಟ್ಟ ಪಾಲು ಬಿತ್ತುವಟ್ಟ. ಹತ್ತರಲ್ಲೊಂದು ಪಾಲನ್ನು ಮೀಸಲಿಟ್ಟರೆ ಅದು ದಶವಂದ. ಹೂಳೆತ್ತುವ ಬಂಡಿಗಳನ್ನೂ ಅವನ್ನು ಎಳೆಯುವ ಕೋಣಗಳನ್ನೂ ಸಾಕುವುದಕ್ಕಾಗಿ ಪ್ರತ್ಯೇಕವಾಗಿ ದತ್ತಿ ಬಿಟ್ಟ ಶಾಸನಗಳೂ ಇವೆ.

ಕೆರೆಯ ಮುಖ್ಯ ಶತ್ರುವು ಬಿಸಿಲಲ್ಲ, ಹೂಳು. ಮೇಲಿನ ಹೊಲಗಳಿಂದ ಕೊಚ್ಚಿಬಂದ ಮಣ್ಣು ಪ್ರತಿವರ್ಷವೂ ಒಂದು ಪದರವಾಗಿ ಕೆರೆಯ ಅಂಗಳದಲ್ಲಿ ಕುಳಿತುಕೊಳ್ಳುತ್ತದೆ. ಒಂದು ವರ್ಷ ನೋಡಿದರೆ ಅದು ಲೆಕ್ಕಕ್ಕೆ ಬಾರದು. ಒಂದು ತಲೆಮಾರು ಸುಮ್ಮನಿದ್ದರೆ ಕೆರೆಯು ತಟ್ಟೆಯಾಗುತ್ತದೆ. ಬೇಸಗೆಯಲ್ಲಿ ಕೆರೆ ಬತ್ತಿದಾಗ ಊರವರು ಹೂಳನ್ನು ತೋಡಿ, ಬಂಡಿಗಳಲ್ಲಿ ತುಂಬಿ, ತಮ್ಮ ಹೊಲಗಳಿಗೇ ಗೊಬ್ಬರದಂತೆ ಹೊಡೆಯುತ್ತಿದ್ದರು. ಹೊಲದಿಂದ ಹೋದ ಮಣ್ಣು ಹೊಲಕ್ಕೇ ಹಿಂದಿರುಗುತ್ತಿದ್ದಿತು. ಮೇಲಿನ ಕೆರೆಯ ಕೋಡಿಯ ನೀರು ಕೆಳಗಿನ ಕೆರೆಗೆ, ಅದರ ಕೋಡಿಯ ನೀರು ಇನ್ನೂ ಕೆಳಗಿನದಕ್ಕೆ, ಹೀಗೆ ಒಂದು ಹಳ್ಳದ ಮೇಲೆ ಹತ್ತಾರು ಕೆರೆಗಳು ಸರಪಣಿಯಂತೆ ಕಟ್ಟಲ್ಪಟ್ಟಿರುವುದರಿಂದ, ಒಂದೂರಿನ ಸೋಮಾರಿತನವು ಕೆಳಗಿನೂರುಗಳೆಲ್ಲಕ್ಕೂ ಕೇಡಾಗುತ್ತಿದ್ದಿತು. ಮೇಲಿನ ಏರಿ ಒಡೆದರೆ ಆ ನೀರಿನ ಹೊಡೆತಕ್ಕೆ ಕೆಳಗಿನವೂ ನಿಲ್ಲಲಾರವು.

ಇಂತಹ ಅನುಭವವೆಲ್ಲವೂ ವಿಜಯನಗರದ ಕಾಲಕ್ಕೆ ಶಾಸ್ತ್ರದ ರೂಪವನ್ನು ತಾಳಿತು. ವೇದಾವತಿಯ ಕಣಿವೆಯಿಂದ ಮೂಡಲಿಗೆ, ಕಡಪ ಸೀಮೆಯ ಪೋರುಮಾಮಿಳ್ಳ ಎಂಬ ಊರಿನ ಕೆರೆಯ ಬಳಿ ಶಕವರ್ಷ ೧೨೯೧ಕ್ಕೆ, ಎಂದರೆ ಕ್ರಿ. ಶ. ೧೩೬೯ಕ್ಕೆ ಸೇರಿದ ಸಂಸ್ಕೃತ ಶಾಸನವೊಂದಿದೆ. ಕೆರೆಯನ್ನು ಕಟ್ಟಿಸಿದವನು ಒಂದನೆಯ ಬುಕ್ಕರಾಯನ ಮಗನಾದ ಭಾಸ್ಕರ ಭವದೂರ. ದಿನವೂ ಸಾವಿರ ಆಳುಗಳೂ ನೂರು ಬಂಡಿಗಳೂ ಎರಡು ವರ್ಷ ದುಡಿದುವೆಂದು ಅದು ತಿಳಿಸುತ್ತದೆ. ಅದಕ್ಕಿಂತ ಬೆಲೆಯುಳ್ಳದು, ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಆರು ದೋಷಗಳನ್ನೂ ಅದು ಎಣಿಸಿರುವುದು. ಧರ್ಮಬುದ್ಧಿಯುಳ್ಳ ಅರಸ, ಜಲಶಾಸ್ತ್ರವನ್ನು ಬಲ್ಲ ವಿದ್ವಾಂಸ, ಗಟ್ಟಿಯಾದ ಜೇಡಿನೆಲ, ಸಿಹಿನೀರಿನ ನದಿ, ಏರಿಯನ್ನು ಎರಡು ಕಡೆಯೂ ಹಿಡಿದುಕೊಳ್ಳುವ ಬೆಟ್ಟ, ಉದ್ದನೆಯ ಕಲ್ಲು ದೊರೆಯುವ ಗಣಿ, ಕೆಲಸ ಬಲ್ಲ ಆಳುಗಳ ತಂಡ, ಇವೇ ಮುಂತಾದುವು ಅಂಗಗಳು. ಇನ್ನು ದೋಷಗಳು: ಏರಿಯಲ್ಲಿ ನೀರು ಜಿನುಗುವುದು, ಚೌಳುಮಣ್ಣು, ಎರಡು ರಾಜ್ಯಗಳ ಗಡಿಯಲ್ಲಿರುವುದು, ಕೆರೆಯ ನಡುವೆ ಆಮೆಯ ಬೆನ್ನಿನಂತೆ ದಿಬ್ಬವಿರುವುದು, ನೀರು ಕಡಮೆಯಾಗಿ ನೆಲ ಹೆಚ್ಚಾಗಿರುವುದು, ನೆಲ ಕಡಮೆಯಾಗಿ ನೀರು ಹೆಚ್ಚಾಗಿರುವುದು. ಆರು ನೂರೈವತ್ತು ವರ್ಷಗಳ ಹಿಂದೆ ಕಲ್ಲಿನಲ್ಲಿ ಕೊರೆದ ಈ ದೋಷಗಳಲ್ಲಿ ಎರಡು, ಎಂದರೆ ಗಡಿಯ ದೋಷವೂ ‘ನೀರು ಕಡಮೆ, ನೆಲ ಹೆಚ್ಚು’ ಎಂಬುದೂ, ವೇದಾವತಿಯ ಮುಂದಿನ ಚರಿತ್ರೆಯಲ್ಲಿ ಹೇಗೆ ಫಲಿಸಿದುವೆಂಬುದು ಕೆಳಗೆ ತಿಳಿದುಬರುತ್ತದೆ.

ವಿಜಯನಗರದ ಉಚ್ಛ್ರಾಯಕಾಲದಲ್ಲಿ ಕೆರೆಯ ಕೆಲಸವು ಯಾವ ಪ್ರಮಾಣದಲ್ಲಿ ನಡೆಯುತ್ತಿದ್ದಿತೆಂಬುದನ್ನು ಪೋರ್ಚುಗೀಸ್ ಪ್ರವಾಸಿಯಾದ ದೊಮಿಂಗೊ ಪಾಯೆಸನು ವರ್ಣಿಸಿದ್ದಾನೆ. ಕ್ರಿ. ಶ. ೧೫೨೦ರ ಸುಮಾರಿಗೆ ಕೃಷ್ಣದೇವರಾಯನು ಕಟ್ಟಿಸುತ್ತಿದ್ದ ಕೆರೆಯಲ್ಲಿ ಹದಿನೈದು ಇಪ್ಪತ್ತು ಸಾವಿರ ಜನರು ಇರುವೆಗಳಂತೆ ಮುತ್ತಿಕೊಂಡು, ನೆಲವೇ ಕಾಣದಂತೆ ದುಡಿಯುತ್ತಿದ್ದುದನ್ನು ಅವನು ನೋಡಿದನು. ಏರಿಯು ಎರಡು ಮೂರು ಸಲ ಕುಸಿಯಿತೆಂದೂ, ಅದು ನಿಲ್ಲಲೆಂದು ನರಬಲಿ ನಡೆಯಿತೆಂದೂ ಅವನೇ ಬರೆದಿದ್ದಾನೆ. ಅಯ್ಯನಕೆರೆಯ ನೀರುಗಂಟಿಯ ಕಥೆಗೂ ಈ ವರ್ತಮಾನಕ್ಕೂ ಇರುವ ಹೋಲಿಕೆಯು ಮನಸ್ಸನ್ನು ಕಲಕುತ್ತದೆ. ನೀರಿನ ಬೆಲೆಯನ್ನು ಆ ಕಾಲದವರು ಬಲ್ಲರು. ಆ ಬೆಲೆಯನ್ನು ತೆತ್ತವರು ಮಾತ್ರ ಬೇರೆಯವರಾಗಿದ್ದರು.

ಹದಿನೆಂಟನೆಯ ಶತಮಾನದ ಯುದ್ಧಗಳು ಈ ಏರ್ಪಾಟಿಗೆ ಮೊದಲ ಪೆಟ್ಟನ್ನು ಕೊಟ್ಟುವು. ಮೈಸೂರು, ಮರಾಟ, ನಿಜಾಮ, ಇಂಗ್ಲಿಷರ ದಂಡುಗಳು ಸರದಿಯ ಮೇಲೆ ಹಾದುಹೋದ ಹಾದಿಯಲ್ಲಿ ಊರುಗಳು ಬಿಕೋ ಎಂದುವು. ಸತ್ತವರನ್ನು ಸುಡುವವರಿಲ್ಲದೆ ತಲೆಬುರುಡೆಗಳು ಬಯಲಿನಲ್ಲಿ ಹರಡಿಕೊಂಡುವೆಂಬ ಕಾರಣದಿಂದ ಬುರುಡೆಯ ಹೆಸರನ್ನೇ ಪಡೆದ ಮಹಾಕ್ಷಾಮವು ದಕ್ಷಿಣಾಪಥವನ್ನು ತುಳಿದುದು ೧೭೯೧–೯೨ರಲ್ಲಿ. ೧೮೦೦–೦೧ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನನು ಯುದ್ಧದಿಂದಲೂ ಹಸಿವಿನಿಂದಲೂ ಹಾಳುಬಿದ್ದ ಊರುಗಳನ್ನು ಹೆಜ್ಜೆಹೆಜ್ಜೆಗೂ ಕಂಡನು. ಜನವಿಲ್ಲದ ಊರಿನಲ್ಲಿ ಹೂಳೆತ್ತುವವರಾರು?

೧೮೦೦ರಲ್ಲಿ ನಿಜಾಮನು ಬಳ್ಳಾರಿಯ ಸೀಮೆಯನ್ನು ಕುಂಪಣಿಗೆ ಬಿಟ್ಟುಕೊಟ್ಟನು. ಅಂದಿನಿಂದ ವೇದಾವತಿಯ ಮೇಲುಭಾಗವು ಮೈಸೂರಿಗೂ ಕೆಳಭಾಗವು ಮದರಾಸಿಗೂ ಸೇರಿ, ಒಂದೇ ನದಿಯು ಎರಡು ಸರ್ಕಾರಗಳ ಪಾಲಾಯಿತು. ಕಂದಾಯವು ನಾಣ್ಯದಲ್ಲಿ, ಒಬ್ಬೊಬ್ಬ ರೈತನಿಂದ ನೇರವಾಗಿ ಸಲ್ಲತೊಡಗಿತು. ಕೆರೆಯ ರಕ್ಷಣೆಗಾಗಿ ದಶಬಂಧದ ಇನಾಮುಗಳನ್ನು ಅನುಭವಿಸುತ್ತಿದ್ದವರ ಹಕ್ಕುಗಳು ಕಾಗದದಲ್ಲಿ ಉಳಿದರೂ, ಹಕ್ಕಿಗೆ ಅಂಟಿಕೊಂಡಿದ್ದ ಹೊಣೆಯು ಕ್ರಮೇಣ ಸಡಿಲವಾಯಿತು. ೧೮೫೧ರ ಮಹಾಮಳೆಯಲ್ಲಿ ಬಳ್ಳಾರಿ ಸೀಮೆಯ ಕೆರೆಗಳು ನೂರಾರು ಒಡೆದುವು. ೧೮೫೮ರಲ್ಲಿ ಮದರಾಸು ಸರ್ಕಾರವು ಊರವರಿಂದ ಕೆರೆಯ ಕೆಲಸವನ್ನು ಬಲವಂತವಾಗಿ ಮಾಡಿಸುವ ಶಾಸನವನ್ನು ಹೊರಡಿಸಿತು. ಒಂದು ಕಾಲದಲ್ಲಿ ಊರಿನ ನಡವಳಿಕೆಯಾಗಿದ್ದುದಕ್ಕೆ ಈಗ ಕಾನೂನಿನ ದಂಡನೆ ಬೇಕಾಯಿತೆಂದರೆ, ನಡವಳಿಕೆಯು ಸತ್ತುಹೋಗಿದ್ದಿತೆಂದೇ ಅರ್ಥ. ಇತ್ತ ಮೈಸೂರಿನ ಮುಖ್ಯ ಎಂಜಿನಿಯರಾಗಿದ್ದ ಸ್ಯಾಂಕಿಯವರು ೧೮೬೬ರಲ್ಲಿ ಬರೆದ ವರದಿಯಲ್ಲಿ, ಈ ಸಂಸ್ಥಾನದಲ್ಲಿ ಹೊಸದಾಗಿ ಕೆರೆ ಕಟ್ಟಲು ಬರಿಯ ಜಾಗವನ್ನು ಹುಡುಕುವುದೇ ಕಷ್ಟವೆಂಬ ಅಭಿಪ್ರಾಯವನ್ನು ಸೂಚಿಸಿದರು. ಮೂವತ್ತು ಸಾವಿರಕ್ಕೂ ಮಿಗಿಲಾದ ಕೆರೆಗಳಿದ್ದ ನಾಡು ಅದು. ಕೆರೆಗಳಿಗೆ ಕೊರತೆಯಿರಲಿಲ್ಲ, ಕೆರೆಗಳನ್ನು ಕಾಯುವವರಿಗೆ ಕೊರತೆಯಿದ್ದಿತು.

ಹೀಗಿರುವಲ್ಲಿ ಧಾತು ಸಂವತ್ಸರವು ಬಂದಿತು. ೧೮೭೬ರ ಮುಂಗಾರು ಕೈಕೊಟ್ಟಿತು; ಹಿಂಗಾರೂ ಬಾರದೆ ಹೋಯಿತು. ಮರುವರ್ಷದ ಈಶ್ವರ ಸಂವತ್ಸರದಲ್ಲಿಯೂ ಮುಂಗಾರಿನ ಮೋಡಗಳು ಬರಿದಾಗಿಯೇ ತೇಲಿಹೋದುವು. ಶಾಂತಮಹಾಸಾಗರದ ನೀರು ಮಿತಿಮೀರಿ ಕಾದುದರಿಂದ ಆ ವರ್ಷಗಳಲ್ಲಿ ಭೂಮಂಡಲದ ಅನೇಕ ಭಾಗಗಳಲ್ಲಿ ಮಳೆಗಳು ತಪ್ಪಿದುವೆಂದು ಇಂದಿನ ವಿಜ್ಞಾನಿಗಳು ಹೇಳುತ್ತಾರೆ. ಬಯಲುಸೀಮೆಯ ಕೆರೆಯು ಒಂದು ವರ್ಷದ ಬರವನ್ನು ತಾಳಿಕೊಳ್ಳಬಲ್ಲುದು; ಎರಡನೆಯ ವರ್ಷದ ಬರವನ್ನು ಹೂಳಿಲ್ಲದ ಕೆರೆಯೂ ತಾಳಲಾರದು. ಆದರೆ ಅರ್ಧ ತುಂಬಿದ ಹೂಳಿನ ಕೆರೆಯು ಮೊದಲನೆಯ ವರ್ಷದಲ್ಲಿಯೇ ಸೋತಿತು. ಜೋಳ, ರಾಗಿಗಳ ಬೆಲೆ ಏರಿತು. ದನಗಳು ಮೊದಲು ಸತ್ತುವು, ಬಳಿಕ ನೇಕಾರರೂ ಕೂಲಿಯವರೂ, ಆಮೇಲೆ ಎಲ್ಲರೂ.

ಆ ಕಾಲದಲ್ಲಿ ನಾಡಿನಲ್ಲಿ ಧಾನ್ಯವೇ ಇರಲಿಲ್ಲವೆಂದು ಹೇಳಲಾಗದು. ರೈಲುದಾರಿಗಳಿದ್ದುವು, ಅದೇ ವರ್ಷಗಳಲ್ಲಿ ಇಂಡಿಯಾದಿಂದ ಇಂಗ್ಲೆಂಡಿಗೆ ಗೋಧಿಯು ಹಡಗುಗಳಲ್ಲಿ ಹೋಗುತ್ತಲೇ ಇದ್ದಿತು. ವ್ಯಾಪಾರದಲ್ಲಿ ಸರ್ಕಾರವು ಕೈಹಾಕಲಾಗದೆಂಬುದು ಲಿಟ್ಟನ್ ಪ್ರಭುಗಳ ನೀತಿಯಾಗಿದ್ದಿತು. ೧೮೭೭ರ ಜನವರಿ ೧ರಂದು ದೆಹಲಿಯಲ್ಲಿ ವಿಕ್ಟೋರಿಯಾ ರಾಣಿಯು ಇಂಡಿಯಾದ ಚಕ್ರವರ್ತಿನಿಯೆಂದು ದರ್ಬಾರಿನಲ್ಲಿ ಸಾರಲಾಯಿತು; ಅದೇ ತಿಂಗಳಲ್ಲಿ ಸರ್ ರಿಚರ್ಡ್ ಟೆಂಪಲ್ಲರು ವೆಚ್ಚವನ್ನು ಹತೋಟಿಗೆ ತರುವ ಅಪ್ಪಣೆಯನ್ನು ಹೊತ್ತು ದಕ್ಷಿಣಕ್ಕೆ ಬಂದರು. ಪರಿಹಾರದ ಕೆಲಸದಲ್ಲಿ ದಿನವೆಲ್ಲ ಕಲ್ಲೊಡೆದು ಮಣ್ಣು ಹೊರುವವನಿಗೆ ಒಂದು ಪೌಂಡು ಧಾನ್ಯದ ಬೆಲೆಯೂ ಅದರ ಮೇಲೆ ಅಲ್ಪ ಕಾಸೂ ಸಾಕೆಂದು ಅವರು ಗೊತ್ತುಮಾಡಿದರು. ಇಷ್ಟರಿಂದ ದುಡಿಯುವ ದೇಹವು ಬದುಕಲಾರದೆಂದು ಮದರಾಸಿನ ಆರೋಗ್ಯಾಧಿಕಾರಿಗಳಾದ ಡಾಕ್ಟರ್ ಕಾರ್ನಿಷರು ಬಲವಾಗಿ ಪ್ರತಿಭಟಿಸಿದರು. ಕೆಲವು ತಿಂಗಳ ಮೇಲೆ ಕೂಲಿಯನ್ನು ಹೆಚ್ಚಿಸಲಾಯಿತು. ಆ ತಿಂಗಳುಗಳಲ್ಲಿ ಹೋದವರು ಹಿಂದಿರುಗಲಿಲ್ಲ.

ಮೈಸೂರು ಸಂಸ್ಥಾನದ ಜನಸಂಖ್ಯೆಯು ೧೮೭೧ರ ಗಣತಿಯಲ್ಲಿ ಐವತ್ತು ಲಕ್ಷಕ್ಕೂ ಮೇಲಿದ್ದಿತು. ೧೮೮೧ರ ಗಣತಿಯಲ್ಲಿ ಅದು ಸುಮಾರು ನಲವತ್ತೆರಡು ಲಕ್ಷಕ್ಕೆ ಇಳಿಯಿತು. ಬ್ರಿಟಿಷ್ ಇಂಡಿಯಾದಲ್ಲಿ ಈ ಕ್ಷಾಮಕ್ಕೆ ತುತ್ತಾದವರ ಸಂಖ್ಯೆಯು ಐವತ್ತು ಲಕ್ಷಕ್ಕೂ ಮಿಗಿಲೆಂದು ಕ್ಷಾಮದ ಆಯೋಗವೇ ಅಂದಾಜುಮಾಡಿತು. ಪರಿಹಾರದ ಹೆಸರಿನಲ್ಲಿ ರಸ್ತೆಗಳೂ ರೈಲುದಾರಿಯ ದಿಬ್ಬಗಳೂ ಎದ್ದುವು. ಕೆಲವು ಕೆರೆಗಳ ಹೂಳನ್ನೂ ತೆಗೆಯಿಸಿದರು. ಆದರೆ ಉಂಡ ಕೈಯು ವರ್ಷವರ್ಷವೂ ಮಾಡಿಕೊಂಡು ಬರಬೇಕಾದುದನ್ನು ಹಸಿದ ಕೈಯು ಒಂದೇ ವರ್ಷದಲ್ಲಿ ಮಾಡಿ ಮುಗಿಸಲಾರದು. ಮಳೆಯನ್ನು ತಪ್ಪಿಸಿದುದು ಪ್ರಕೃತಿ; ಬರವನ್ನು ಕ್ಷಾಮವನ್ನಾಗಿ ಮಾಡಿದುದು ಮನುಷ್ಯನ ಅಲಕ್ಷ್ಯ. ಧಾತು ಈಶ್ವರ ಸಂವತ್ಸರಗಳು ಕಲಿಸಿದ ಪಾಠ ಇದೇ.

ಪಾಠವನ್ನು ಸ್ವಲ್ಪಮಟ್ಟಿಗೆ ಕಲಿತವರೂ ಇದ್ದರು. ಸರ್ ರಿಚರ್ಡ್ ಸ್ಟ್ರೇಚಿಯವರ ಅಧ್ಯಕ್ಷತೆಯ ಆಯೋಗವು ೧೮೮೦ರಲ್ಲಿ ವರದಿಯನ್ನು ಒಪ್ಪಿಸಿತು. ಅದರ ಆಧಾರದ ಮೇಲೆ ಕ್ಷಾಮನಿವಾರಣೆಯ ನಿಯಮಾವಳಿಗಳು ಹುಟ್ಟಿದುವು. ೧೮೮೧ರಲ್ಲಿ ಮೈಸೂರು ಮತ್ತೆ ಒಡೆಯರ ಕೈಗೆ ಬಂದಾಗ, ದಿವಾನ್ ರಂಗಾಚಾರ್ಯರ ತಲೆಯ ಮೇಲೆ ಕ್ಷಾಮದಿಂದಾದ ಎಂಬತ್ತು ಲಕ್ಷ ರೂಪಾಯಿಗಳ ಸಾಲವಿದ್ದಿತು. ಅವರ ಬಳಿಕ ದಿವಾನರಾದ ಶೇಷಾದ್ರಿ ಅಯ್ಯರವರ ಕಾಲದಲ್ಲಿ ವೇದಾವತಿಗೆ ಹಿರಿಯೂರಿನ ಮೇಲುಗಡೆ, ಕಣಿವೆ ಮಾರಮ್ಮನ ಗುಡಿಯಿರುವ ಮಾರಿಕಣಿವೆಯಲ್ಲಿ, ಅಡ್ಡಗಟ್ಟೆಯನ್ನು ಹಾಕುವ ಕಾರ್ಯವು ಆರಂಭವಾಯಿತು. ೧೮೯೮ರಲ್ಲಿ ಮೊದಲಾದ ಕೆಲಸವು ೧೯೦೭ರಲ್ಲಿ ಮುಗಿದು, ರಾಜಪ್ರತಿನಿಧಿಗಳಾಗಿದ್ದ ಮಹಾರಾಣಿಯವರ ಹೆಸರಿನಿಂದ ವಾಣೀವಿಲಾಸ ಸಾಗರವೆನಿಸಿತು. ಎರಡು ಸಾವಿರ ಚದರ ಮೈಲಿಗಳಿಗೂ ಮಿಕ್ಕ ನೆಲದ ನೀರು ಇಲ್ಲಿಗೆ ಹರಿದುಬರುತ್ತದೆ. ಮೂವತ್ತು ಸಾವಿರ ದಶಲಕ್ಷ ಘನ ಅಡಿಗಳ ನೀರನ್ನು ಇದು ಹಿಡಿಯಬಲ್ಲುದು.

ಗಡಿಯ ದೋಷವು ಇಲ್ಲಿಯೇ ತಲೆದೋರಿತು. ಮೇಲೆ ಕಟ್ಟೆ ಕಟ್ಟಿದರೆ ಕೆಳಗೆ ನೀರು ಬಾರದೆಂಬುದು ಮದರಾಸಿನವರ ಆತಂಕ. ೧೮೯೨ರಲ್ಲಿ ಎರಡು ಸರ್ಕಾರಗಳಿಗೂ ಆದ ಒಪ್ಪಂದದಲ್ಲಿ, ಮದರಾಸಿನ ಸಮ್ಮತಿಯಿಲ್ಲದೆ ಮೈಸೂರಿನವರು ಹೊಸ ಜಲಾಶಯಗಳನ್ನು ಕಟ್ಟಲಾಗದ ನದಿಗಳ ಪಟ್ಟಿಯಲ್ಲಿ ವೇದಾವತಿಯ ಹೆಸರೂ ಸೇರಿತು. ಇನ್ನೊಂದು ದೋಷವು ನಿಧಾನವಾಗಿ ಕಾಣಿಸಿಕೊಂಡಿತು. ಕಟ್ಟಿ ಮುಗಿದ ಇಪ್ಪತ್ತಾರು ವರ್ಷಗಳ ಮೇಲೆ, ೧೯೩೩ರಲ್ಲಿ, ಸಾಗರವು ಮೊದಲ ಬಾರಿಗೆ ತುಂಬಿ ಕೋಡಿ ಹರಿಯಿತು. ಎರಡನೆಯ ಸಲ ಹರಿದುದು ಎಂಬತ್ತೊಂಬತ್ತು ವರ್ಷಗಳ ಬಳಿಕ, ೨೦೨೨ರಲ್ಲಿ. ನಡುವಣ ಒಂದೆರಡು ತಲೆಮಾರುಗಳು ಅದರ ಕೋಡಿಯನ್ನು ಕಾಣದೆಯೇ ಕಣ್ಮುಚ್ಚಿದುವು. ಇತ್ತೀಚೆಗೆ ಭದ್ರೆಯ ನೀರನ್ನೂ ಮೇಲಕ್ಕೆತ್ತಿ ಈ ಜಲಾಶಯಕ್ಕೆ ತರಲಾಗುತ್ತಿದೆ. ಹಿರಿಯೂರಿನ ತೋಟಗಳನ್ನು ಒಂದು ಶತಮಾನಕ್ಕೂ ಮಿಕ್ಕು ಬದುಕಿಸಿರುವ ಸಾಗರವನ್ನು ಹಳಿಯುವುದು ಕೃತಘ್ನತೆಯಾದೀತು. ಆದರೂ ದೊಡ್ಡ ಕಟ್ಟೆಯೊಂದು ಸಾವಿರ ಸಣ್ಣ ಕಟ್ಟೆಗಳ ಕೆಲಸವನ್ನು ಮಾಡಲಾರದೆಂಬುದನ್ನು ಅದರ ಚರಿತ್ರೆಯೇ ಹೇಳುತ್ತದೆ. ಮೈಸೂರು ಸರ್ಕಾರಕ್ಕೂ ಇದು ಹೊಳೆಯದೆ ಇರಲಿಲ್ಲ. ೧೯೧೧ರಲ್ಲಿ ಕೆರೆಯ ಪಂಚಾಯತಿಗಳ ಶಾಸನವನ್ನು ಮಾಡಿ, ಸಡಿಲಿದ ಹೊಣೆಯನ್ನು ಊರುಗಳಿಗೆ ಮತ್ತೆ ಕಟ್ಟಿಕೊಡಲು ಅದು ಯತ್ನಿಸಿತು.

ಕೆರೆಯ ನೀರು ಮುಟ್ಟದ ಹೊಲಗಳೇ ಬಯಲುಸೀಮೆಯಲ್ಲಿ ಹೆಚ್ಚು. ಅವುಗಳ ಗತಿಯೇನೆಂಬ ಪ್ರಶ್ನೆಗೆ ಉತ್ತರವನ್ನು ಹುಡುಕಲು ಇದೇ ನದಿಯ ಕೆಳದಂಡೆಯಲ್ಲಿ, ಬಳ್ಳಾರಿಯ ಹತ್ತಿರದ ಹಗರಿಯಲ್ಲಿ, ೧೯೦೬ರಲ್ಲಿ ಕೃಷಿಕ್ಷೇತ್ರವೊಂದು ಸ್ಥಾಪಿತವಾಯಿತು. ೧೯೩೦ರ ದಶಕದಲ್ಲ��� ಸೊಲ್ಲಾಪುರ, ಬಿಜಾಪುರ, ರಾಯಚೂರು, ರೋಹತಕಗಳ ಜೊತೆಗೆ ಹಗರಿಯೂ ಒಣಬೇಸಾಯದ ಸಂಶೋಧನೆಯ ಕೇಂದ್ರಗಳಲ್ಲಿ ಒಂದಾಯಿತು. ಇಳಿಜಾರಿಗೆ ಅಡ್ಡಲಾಗಿ ಒಡ್ಡುಗಳನ್ನು ಹಾಕುವುದು, ಮಳೆಗೆ ಮುಂಚೆ ನೆಲವನ್ನು ಸಿದ್ಧಪಡಿಸಿ ಹದವನ್ನು ಹಿಡಿದಿಡುವುದು, ಬೀಜವನ್ನು ವಿರಳವಾಗಿ ಬಿತ್ತುವುದು, ಸಾಲುಗಳ ನಡುವೆ ಎಡೆಹೊಡೆದು ಬಿರುಕುಗಳನ್ನು ಮುಚ್ಚುವುದು, ಇವು ಅಲ್ಲಿಂದ ಹೊರಟ ಉಪದೇಶಗಳು. ಹೊಲವನ್ನೇ ಒಂದು ಸಣ್ಣ ಕೆರೆಯನ್ನಾಗಿ ಮಾಡುವುದೆಂಬುದೇ ಇವೆಲ್ಲದರ ಸಾರ. ೧೯೪೨ರಲ್ಲಿ ಮುಂಬಯಿ ಸರ್ಕಾರವು ಭೂಸುಧಾರಣೆಯ ಶಾಸನವನ್ನು ಮಾಡಿ, ಬಿಜಾಪುರವೇ ಮೊದಲಾದ ಬರದ ಸೀಮೆಗಳಲ್ಲಿ ಒಡ್ಡುಗಳ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ ಕೈಗೊಂಡಿತು. ೧೯೫೪ರಲ್ಲಿ ಬಳ್ಳಾರಿಯಲ್ಲಿಯೇ ಮಣ್ಣಿನ ಸಂರಕ್ಷಣೆಯ ಸಂಶೋಧನಕೇಂದ್ರವು ತೆರೆಯಿತು. ಒಡ್ಡಿಗೂ ಕೆರೆಗೂ ಒಂದೇ ನಿಯಮ: ಹಾಕಿದವರು ಹೋದ ಮೇಲೆ ಅದನ್ನು ಕಾಯುವವರು ಬೇಕು. ಒಂದು ಮಳೆಗೆ ಒಡೆದ ಒಡ್ಡನ್ನು ಮರುದಿನವೇ ಮುಚ್ಚದಿದ್ದರೆ, ಒಡ್ಡಿಲ್ಲದ ಹೊಲಕ್ಕಿಂತಲೂ ಆಳವಾದ ಕೊರಕಲು ಅಲ್ಲಿ ಬೀಳುತ್ತದೆ.

ಇನ್ನು ಹಗರಿಯ ಮರಳಿನ ವಿಷಯ. ನದಿಯು ರಾಯದುರ್ಗದ ನೆಲದಲ್ಲಿ ಬೊಮ್ಮನಹಾಳಿನ ಆಸುಪಾಸಿಗೆ ಬರುವಷ್ಟರಲ್ಲಿ ಅದರ ಪಾತ್ರವು ಬಹಳ ಅಗಲವಾಗಿ, ನೀರಿಗಿಂತ ಮರಳೇ ಹೆಚ್ಚಾಗಿ ಕಾಣುತ್ತದೆ. ಆಷಾಢದ ಗಾಳಿಯು ಬೀಸಿದಾಗ ಒಣಮರಳು ಎದ್ದು ದಂಡೆಯನ್ನು ಹತ್ತಿ ಹೊಲಗಳ ಮೇಲೆ ಸುರಿಯುತ್ತದೆ. ಇಪ್ಪತ್ತನೆಯ ಶತಮಾನದ ಆರಂಭದ ಗ್ಯಾಸೆಟಿಯರಿನಲ್ಲಿಯೇ ಈ ಹಾರುಮರಳಿನ ಪ್ರಸ್ತಾಪವಿದೆ. ಈ ರಾಯದುರ್ಗವು ೧೯೫೩ರವರೆಗೆ ಬಳ್ಳಾರಿ ಜಿಲ್ಲೆಗೆ ಸೇರಿದ್ದು, ಆ ವರ್ಷ ಆಂಧ್ರಕ್ಕೆ ಹೋಯಿತು; ಗಡಿಯ ಗೆರೆಯು ನದಿಯ ಮೇಲೆ ಇನ್ನೊಮ್ಮೆ ಬಿದ್ದಿತು. ಸ್ವಾತಂತ್ರ್ಯಾನಂತರ ಭೈರವಾನಿತಿಪ್ಪದಲ್ಲಿ ಮತ್ತೊಂದು ಕಟ್ಟೆ ಎದ್ದಿತು. ಮೇಲೆ ನೀರು ನಿಂತಂತೆಲ್ಲ ಕೆಳಗಿನ ಮರಳು ಒಣಗಿತು. ಊರಿನ ಸುತ್ತಲಿದ್ದ ಗಿಡಮರಗಳು ಹೋದುವು. ಜೋಳ, ನವಣೆ, ಸಜ್ಜೆಗಳು ಬೆರೆತು ಬೆಳೆಯುತ್ತಿದ್ದ ಹೊಲಗಳನ್ನು ಕಡಲೆಕಾಯಿಯೊಂದೇ ಆವರಿಸಿತು. ಕೊಳವೆಬಾವಿಗಳು ನೆಲದಡಿಯ ತೇವವನ್ನು ಹೀರಿದುವು. ಇಂದು ಆ ಸೀಮೆಯ ಕೆಲವು ಊರುಗಳಲ್ಲಿ ರೈತರು ಬಿತ್ತುವುದಕ್ಕೆ ಮುಂಚೆ ಟ್ರಾಕ್ಟರುಗಳಿಂದ ಮರಳಿನ ದಿಬ್ಬಗಳನ್ನು ಸಮಮಾಡುತ್ತಾರೆ. ಮುಂದಿನ ಗಾಳಿಗೆ ದಿಬ್ಬಗಳು ಮತ್ತೆ ಬರುತ್ತವೆ.

ಮರುಭೂಮಿಯೆಂದರೆ ಎಲ್ಲಿಯೋ ದೂರದಿಂದ ದಂಡೆತ್ತಿ ಬರುವ ಶತ್ರುವೆಂಬ ಭಾವನೆಯು ಸಾಮಾನ್ಯವಾದುದು. ಹಗರಿಯ ಮರಳು ಅದನ್ನು ಸುಳ್ಳುಮಾಡುತ್ತದೆ. ಥಾರ್ ಮರುಭೂಮಿಗೂ ಬೊಮ್ಮನಹಾಳಿಗೂ ನೂರಾರು ಹರದಾರಿಗಳ ದೂರ. ಇಲ್ಲಿಯ ಮರುಭೂಮಿಯು ಇಲ್ಲಿಯೇ ಹುಟ್ಟಿತು. ೧೯೯೪ರಲ್ಲಿ ಸಂಯುಕ್ತ ರಾಷ್ಟ್ರಗಳ ಆಶ್ರಯದಲ್ಲಿ ಆದ ಒಪ್ಪಂದವು ಮರುಭೂಮೀಕರಣವೆಂಬುದನ್ನು ಒಣಸೀಮೆಯ ನೆಲವು ಹವೆಯ ವ್ಯತ್ಯಾಸದಿಂದಲೂ ಮನುಷ್ಯನ ನಡೆಯಿಂದಲೂ ಸಾರಗೆಡುವುದೆಂದೇ ಅರ್ಥೈಸಿದೆ. ಕೃತಕ ಉಪಗ್ರಹಗಳಿಂದ ನೋಡಿ ೨೦೧೬ರಲ್ಲಿ ಪ್ರಕಟಿಸಿದ ನಕಾಶೆಗಳ ಪ್ರಕಾರ ಕರ್ನಾಟಕದ ನೆಲದಲ್ಲಿ ಮೂರನೆಯ ಒಂದು ಪಾಲಿಗೂ ಮಿಕ್ಕುದು ಹೀಗೆ ಕೆಡುತ್ತಿದೆ. ಕೆಡುವ ನೆಲದ ಮಣ್ಣು ಎಲ್ಲಿಗೆ ಹೋಗುವುದೆಂಬುದಕ್ಕೆ ತುಂಗಭದ್ರೆಯ ಜಲಾಶಯವೇ ನಿದರ್ಶನ. ೧೯೫೩ರ ವೇಳೆಗೆ ಸಿದ್ಧವಾದಾಗ ಸುಮಾರು ೧೩೩ ಸಾವಿರ ದಶಲಕ್ಷ ಘನ ಅಡಿಗಳ ನೀರನ್ನು ಹಿಡಿಯುತ್ತಿದ್ದ ಅದು, ಹೂಳು ತುಂಬಿ ಈಗ ೧೦೬ ಸಾವಿರದಷ್ಟನ್ನು ಮಾತ್ರವೇ ಹಿಡಿಯುತ್ತದೆ. ಹೊಲವು ಕಳೆದುಕೊಂಡುದು ಕೆರೆಗೂ ಬೇಡವಾದ ಹೊರೆಯಾಯಿತು.

ಊರವರ ಸಂಘಗಳಿಗೆ ಕೆರೆಗಳನ್ನು ವಹಿಸಿಕೊಡುವ ಯೋಜನೆಯೊಂದು ಕರ್ನಾಟಕದಲ್ಲಿ ೨೦೦೨ರಿಂದ ನಡೆಯಿತು. ಹೆಸರು ಹೊಸದಾದರೂ ವಿಚಾರವು ಬಿತ್ತುವಟ್ಟದಷ್ಟೇ ಹಳೆಯದು. ಆದರೆ ಹಳೆಯ ಏರ್ಪಾಟಿನ ಒಳ್ಳೆಯದನ್ನು ಮಾತ್ರವೇ ಆರಿಸಿಕೊಳ್ಳುವುದು ಇಂದಿನವರ ಭಾಗ್ಯ. ಹೊಣೆ ಹೊರುವವನಿಗೆ ಫಲದಲ್ಲಿಯೂ ಪಾಲಿರಬೇಕೆಂಬುದು ಅದರ ಒಳ್ಳೆಯ ಭಾಗ. ಕಾಯುವವನ ತಲೆಯನ್ನು ಹೊಡೆದು ಕೆರೆಯನ್ನುಳಿಸಿಕೊಳ್ಳುವುದು ಅದರ ಕೆಟ್ಟ ಭಾಗ.

ಅಯ್ಯನಕೆರೆಯ ನೀರುಗಂಟಿಯು ಮರಳಿ ಬಾರದಿರುವವರೆಗೂ ನೀರು ನಿಲ್ಲುವುದೆಂದು ಕಥೆಯು ಹೇಳುತ್ತದೆ. ವೇದಾವತಿಯ ದಂಡೆಯುದ್ದಕ್ಕೂ ನಡೆದ ಚರಿತ್ರೆಯು ಹೇಳುವುದು ಇದಕ್ಕೆ ವಿರುದ್ಧವಾದುದನ್ನು. ನೀರುಗಂಟಿಯು ಏರಿಯನ್ನು ಬಿಟ್ಟುಹೋದ ಕಡೆಗಳಲ್ಲೆಲ್ಲ ನೀರೂ ಅವನ ಹಿಂದೆಯೇ ಹೋಯಿತು. ಅದು ಬಿಟ್ಟುಹೋದ ಜಾಗಕ್ಕೆ ಮರಳು ಬಂದಿತು. ಕೆರೆಯನ್ನು ಕಟ್ಟಿದವರ ಹೆಸರುಗಳು ಕಲ್ಲಿನ ಮೇಲಿವೆ. ಅದನ್ನು ಕಾಯಬೇಕಾದವನ ಜಾಗವು ಏರಿಯ ಮೇಲೆ ಇನ್ನೂ ತೆರವಾಗಿಯೇ ಇದೆ.